ಎಡೆದೊರೆ ನಾಡಿನಲ್ಲಿ ಸೊಳ್ಳೆಯ ನಿವಾರಣೆ: ಸಸ್ಯತೈಲಗಳ ಚಾರಿತ್ರಿಕ ವಿವೇಚನೆ

೧

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಈಚಿನ ಆಡಳಿತ ಗ್ರಂಥಗಳಲ್ಲಿ ಇದಕ್ಕೆ ರಾಯಚೂರು ದೋಆಬ್ ಎಂಬ ಹೆಸರು ರೂಢವಾಗಿದೆ. ಸಿಂಧನೂರು, ಲಿಂಗಸುಗೂರು, ಹಾಗೂ ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿ, ಈ ಮೂರೂ ಈ ನಾಡಿನ ಮಧ್ಯಭಾಗದಲ್ಲಿವೆ. ಈ ಪ್ರದೇಶದ ರಾಜಕೀಯ ಚರಿತ್ರೆಯನ್ನು ವಿದ್ವಾಂಸರು ವಿಪುಲವಾಗಿ ಪರಿಶೋಧಿಸಿದ್ದಾರೆ. ಇಲ್ಲಿನ ಜನರು ರೋಗದೊಡನೆ, ಅದರಲ್ಲಿಯೂ ಸೊಳ್ಳೆಯಿಂದ ಹರಡುವ ಚಳಿಜ್ವರದೊಡನೆ, ನಡೆಸಿದ ಹೋರಾಟದ ಚರಿತ್ರೆಗೆ ಅಷ್ಟು ಗಮನ ಸಂದಿಲ್ಲ. ಆ ಹೋರಾಟದ ಒಂದು ಅಂಗವಾದ ಸಸ್ಯಜನ್ಯ ತೈಲಗಳ ಉಪಯೋಗವನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಇಂಥ ವಿಷಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಪಕ್ಷಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಹಿರಿಯರು ಬಳಸಿದ ಬೇವು, ಲಕ್ಕಿ, ತುಳಸಿಗಳೇ ಸಾಕಾಗಿದ್ದವು, ರಾಸಾಯನಿಕಗಳು ಬಂದು ಎಲ್ಲವೂ ಕೆಟ್ಟಿತು ಎಂಬುದು ಒಂದು ಪಕ್ಷ. ಅವೆಲ್ಲ ಮೂಢನಂಬಿಕೆ, ವಿಜ್ಞಾನ ಬಂದ ಮೇಲೆಯೇ ಜ್ವರ ತಗ್ಗಿತು ಎಂಬುದು ಇನ್ನೊಂದು. ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಎರಡೂ ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಸಸ್ಯತೈಲವು ಮನುಷ್ಯನ ಮೈಯನ್ನು ಕೆಲವು ತಾಸು ಕಾಯಬಲ್ಲದು. ಅದು ಗದ್ದೆಯ ನೀರನ್ನು ಕಾಯಲಾರದು. ಈ ಎರಡು ಕಾರ್ಯಗಳನ್ನು ಬೇರೆಬೇರೆಯಾಗಿ ತೂಗಿ ನೋಡದಿರುವುದೇ ಗೊಂದಲಕ್ಕೆ ಮೂಲ.

೨

ಮೊದಲು ಪ್ರಾಚೀನ ಸಾಮಗ್ರಿಯನ್ನು ಗಮನಿಸೋಣ. ಸೊಳ್ಳೆಯನ್ನು ಕುರಿತ ವರ್ಗೀಕೃತ ಜ್ಞಾನ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಮಶಕಗಳ ಐದು ಪ್ರಭೇದಗಳನ್ನು ಹೆಸರಿಸಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ, ಗಾಯಗೊಂಡ ರೋಗಿಯ ಕೋಣೆಗೆ ಸಾಸಿವೆ, ಬೇವಿನ ಎಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆರಡು ಬಾರಿ ಹಾಕಬೇಕೆಂಬ ವಿಧಿಯಿದೆ. ಅಲ್ಲಿ ಹೇಳಿರುವ ಉದ್ದೇಶ ರಕ್ಷೋಘ್ನ, ಅಂದರೆ ಅಗೋಚರ ಶಕ್ತಿಗಳಿಂದ ರಕ್ಷಣೆ. ಬೇವಿನ ಹೊಗೆಯಿರುವ ಕೋಣೆಯಲ್ಲಿ ಕೀಟಗಳ ಬಾಧೆಯೂ ತಗ್ಗುವುದು ಅನುಭವಕ್ಕೆ ನಿಲುಕಿದ ಸಂಗತಿ.

ಎಡೆದೊರೆ ನಾಡಿಗೆ ಸುಗಂಧದ್ರವ್ಯಗಳ ಶಾಸ್ತ್ರವೂ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಳುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಕ್ರಿ.ಶ. ೧೦೨೫ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ವೃಕ್ಷಾಯುರ್ವೇದ, ಪಾಕಶಾಸ್ತ್ರಗಳೊಡನೆ ಸುಗಂಧದ್ರವ್ಯಗಳಿಗೂ ಎಡೆ ಕೊಟ್ಟಿದೆ. ಇದೇ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ನಡೆದ ಮುಸಂಗಿಯ ಯುದ್ಧದ ಸ್ಥಳವನ್ನು ವಿದ್ವಾಂಸರು ಇಂದಿನ ಮಸ್ಕಿಯೊಡನೆ ಸಮೀಕರಿಸಿದ್ದಾರೆ. ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಧೂಪಭೋಗವೆಂಬ ಪ್ರಕರಣವೇ ಇದೆ. ಆದರೆ ಅರಮನೆಯ ಧೂಪ ಬೇರೆ, ರೈತನ ಕೊಟ್ಟಿಗೆಯ ಹೊಗೆ ಬೇರೆ. ಮೊದಲನೆಯದು ಭೋಗಕ್ಕಾಗಿ, ಎರಡನೆಯದು ಬದುಕಿಗಾಗಿ.

ಕೊಟ್ಟಿಗೆಯ ಹೊಗೆಗೆ ಗ್ರಂಥಾಧಾರ ಬೇಕಿಲ್ಲ. ಸಂಜೆ ದನಗಳು ಮನೆಗೆ ಬಂದ ಮೇಲೆ ಕುಳ್ಳಿನ ಕೆಂಡದ ಮೇಲೆ ಹಸಿ ಬೇವಿನ ತಪ್ಪಲನ್ನೋ ಲಕ್ಕಿಯ ಎಲೆಯನ್ನೋ ಹಾಕಿ ಹೊಗೆಯೆಬ್ಬಿಸುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕಾಣುವ ರೂಢಿ. ಗುಂಗಾಡಿಯ ಕಾಟಕ್ಕೆ ಇದು ಮೊದಲ ಮದ್ದು. ಲೋಬಾನದ ಹೊಗೆಯೂ ಮನೆಗಳಲ್ಲಿ ಬಳಕೆಯಲ್ಲಿದೆ. ಈ ಎಲ್ಲ ಪದ್ಧತಿಗಳಲ್ಲಿ ಒಂದು ಸಮಾನ ಗುಣವುಂಟು: ಸೊಳ್ಳೆಯನ್ನು ಅವು ಕೊಲ್ಲುವುದಿಲ್ಲ, ಸ್ವಲ್ಪ ಹೊತ್ತು ದೂರವಿಡುತ್ತವೆ. ಹೊಗೆ ಆರಿದೊಡನೆ ಸೊಳ್ಳೆ ಮರಳುತ್ತದೆ. ಹೊಗೆಯಿಂದ ಕಣ್ಣಿಗೂ ಶ್ವಾಸಕೋಶಕ್ಕೂ ಆಗುವ ಹಾನಿಯನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕು.

೩

ಆಧುನಿಕ ವಿಜ್ಞಾನದ ಮುಖ್ಯ ಘಟ್ಟಗಳಲ್ಲಿ ಎರಡು ನಮ್ಮ ನಾಡಿಗೆ ಸಮೀಪದಲ್ಲಿಯೇ ಘಟಿಸಿದವು. ೧೮೮೩ರಲ್ಲಿ ಬೆಂಗಳೂರಿನ ಸೈನ್ಯದಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಬಳಿ ನೀರು ತುಂಬಿಟ್ಟ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಬೆಳೆಯುವುದನ್ನು ಕಂಡನು. ಆ ನೀರನ್ನು ಚೆಲ್ಲಿಸಿದಾಗ ಕೋಣೆಯ ಸೊಳ್ಳೆಗಳು ತಗ್ಗಿದವು. ಹದಿನಾಲ್ಕು ವರ್ಷಗಳ ತರುವಾಯ, ೧೮೯೭ರ ಆಗಸ್ಟ್ ೨೦ರಂದು, ಅವನೇ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಭಿತ್ತಿಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಗುರುತಿಸಿದನು. ಆಗ ಎಡೆದೊರೆ ನಾಡು ಅದೇ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಹೈದರಾಬಾದ್ ಕಾಂಟಿಂಜೆಂಟ್ ಸೈನ್ಯದ ದಂಡುಪ್ರದೇಶವಾಗಿದ್ದ ಲಿಂಗಸುಗೂರು ೧೯೦೫ರವರೆಗೆ ಪ್ರತ್ಯೇಕ ಜಿಲ್ಲೆಯ ಕೇಂದ್ರವೂ ಆಗಿತ್ತು.

ಬೆಂಗಳೂರಿನ ತೊಟ್ಟಿ ಕಲಿಸಿದ ಪಾಠ ಚಿಕ್ಕದಲ್ಲ. ಅದುವರೆಗೆ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂಬ ನಂಬಿಕೆಯಿದ್ದು, ಗಾಳಿಯನ್ನು ಸುಗಂಧದಿಂದ ಶುದ್ಧಿಗೊಳಿಸುವುದು ಸಹಜವಾದ ಉಪಾಯವೆನಿಸಿತ್ತು. ರೋಗದ ಮೂಲ ನೀರಿನಲ್ಲಿ ಬೆಳೆಯುವ ಕೀಟವೆಂದು ತಿಳಿದ ಮೇಲೆ ನಿವಾರಣೆಯ ಪ್ರಶ್ನೆ ಎರಡಾಗಿ ಒಡೆಯಿತು: ಹಾರುವ ಸೊಳ್ಳೆಯನ್ನು ಮೈಯಿಂದ ದೂರವಿಡುವುದು ಹೇಗೆ? ನೀರಿನಲ್ಲಿರುವ ಮರಿಹುಳುವನ್ನು ನಾಶಗೊಳಿಸುವುದು ಹೇಗೆ? ಮೊದಲನೆಯದನ್ನು ಮಾಡುವ ವಸ್ತುವನ್ನು ವಿಕರ್ಷಕವೆಂದೂ, ಎರಡನೆಯದನ್ನು ಮಾಡುವುದನ್ನು ಮರಿನಾಶಕವೆಂದೂ ಇಲ್ಲಿ ಕರೆಯುತ್ತೇವೆ.

ಇದೇ ಕಾಲದಲ್ಲಿ ಸುಗಂಧತೈಲಗಳ ರಸಾಯನಶಾಸ್ತ್ರವೂ ಬೆಳೆಯಿತು. ಎಳ್ಳು, ಬೇವಿನ ಬೀಜ ಮೊದಲಾದವುಗಳನ್ನು ಗಾಣದಲ್ಲಿ ಅರೆದು ತೆಗೆಯುವುದು ಸ್ಥಿರತೈಲ. ಅದು ಆವಿಯಾಗಿ ಹೋಗುವುದಿಲ್ಲ. ಹುಲ್ಲು, ಎಲೆ, ಚಕ್ಕೆಗಳ ಮೂಲಕ ನೀರಿನ ಹಬೆಯನ್ನು ಹಾಯಿಸಿ, ಹಬೆಯೊಡನೆ ಬಂದ ಪರಿಮಳವನ್ನು ತಣಿಸಿ ಬೇರ್ಪಡಿಸಿದುದು ಸುಗಂಧತೈಲ. ಅದು ಬೇಗನೆ ಆವಿಯಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ೧೯೧೬-೧೭ರ ಹೊತ್ತಿಗೆ ಶ್ರೀಗಂಧದ ಎಣ್ಣೆಯ ಭಟ್ಟಿ ಇಳಿಸುವಿಕೆ ಕೈಗಾರಿಕೆಯಾಗಿ ನೆಲೆಗೊಂಡಿತು. ಅದಕ್ಕೆ ಬೇಕಾದ ಪ್ರಯೋಗಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದವು. ಸುಗಂಧತೈಲಗಳ ಮುಖ್ಯ ಘಟಕಗಳಾದ ಟರ್ಪೀನುಗಳನ್ನು ಕುರಿತ ಪ್ರಮಾಣಗ್ರಂಥವನ್ನು ರಚಿಸಿದ ಜೆ. ಎಲ್. ಸೈಮನ್‌ಸನ್ ೧೯೨೫ರಿಂದ ೧೯೨೮ರವರೆಗೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು.

ದಖ್ಖಣದ ಕುರುಚಲು ಕಾಡುಗಳಲ್ಲಿ ತಾನಾಗಿ ಬೆಳೆಯುವ ರೋಶಾ ಹುಲ್ಲಿನ ಎಣ್ಣೆ ಇದಕ್ಕೂ ಹಿಂದಿನಿಂದ ಮುಂಬಯಿಯ ಮೂಲಕ ಕಾನ್‌ಸ್ಟಾಂಟಿನೋಪಲ್ಲಿಗೆ ರಫ್ತಾಗಿ, ಗುಲಾಬಿಯ ಅತ್ತರಿಗೆ ಬೆರಕೆಯಾಗಿ ಬಳಕೆಯಾಗುತ್ತಿತ್ತು. ಈ ಎಣ್ಣೆಯ ಮುಕ್ಕಾಲು ಪಾಲಿಗೂ ಹೆಚ್ಚು ಜೆರಾನಿಯಾಲ್ ಎಂಬ ವಸ್ತು. ಅದರ ಬಂಧುವಾದ ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್, ಜಾವಾ ಸಿಟ್ರೊನೆಲ್ಲಾ ಹುಲ್ಲಿನಲ್ಲಿ ಸಿಟ್ರೊನೆಲ್ಲಾಲ್ ಮತ್ತು ಜೆರಾನಿಯಾಲ್ ಪ್ರಧಾನವಾಗಿವೆ. ಸೊಳ್ಳೆಯು ಮನುಷ್ಯನನ್ನು ಉಸಿರಿನ ಅಂಗಾರಾಮ್ಲದಿಂದಲೂ ಬೆವರಿನ ವಾಸನೆಯಿಂದಲೂ ಹುಡುಕುತ್ತದೆ. ಈ ಘಟಕಗಳ ಆವಿ ಅದರ ಘ್ರಾಣೇಂದ್ರಿಯಕ್ಕೆ ಅಡ್ಡಿಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಭಾರತೀಯ ಸೈನ್ಯವು ಸಿಟ್ರೊನೆಲ್ಲಾ ಎಣ್ಣೆಗೆ ಕರ್ಪೂರವನ್ನೂ ಪ್ಯಾರಾಫಿನ್ನನ್ನೂ ಕೂಡಿಸಿದ ಲೇಪವನ್ನು ಬಳಸುತ್ತಿತ್ತು. ಹಳ್ಳಿಯ ಹೊಗೆಯ ತತ್ತ್ವವೇ ಹೀಗೆ ಸೀಸೆಯನ್ನು ಸೇರಿತು.

೪

ಇನ್ನು ನೀರಿನ ಕಥೆಗೆ ಬರೋಣ. ನೀರಾವರಿಯ ಬೆನ್ನಿಗೆ ಮಲೇರಿಯಾ ಬರುವುದನ್ನು ದಕ್ಷಿಣ ಭಾರತ ೧೯೩೦ರ ದಶಕದಲ್ಲಿಯೇ ಕಂಡಿತ್ತು. ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ ಮಂಡ್ಯದ ಬಯಲಿಗೆ ಭತ್ತ ಕಬ್ಬುಗಳೊಡನೆ ಚಳಿಜ್ವರವನ್ನೂ ತಂದಿತು. ಮೆಟ್ಟೂರಿನ ನೀರು ಹರಿದ ಮೇಲೆ ತಂಜಾವೂರು ಜಿಲ್ಲೆಯ ಪಟ್ಟುಕ್ಕೋಟ್ಟೈ ಪ್ರದೇಶದಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಪಾಲ್ ರಸೆಲ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಗಳು ಎಡೆದೊರೆ ನಾಡಿಗೂ ಅನ್ವಯಿಸತಕ್ಕವು. ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಯು ಹೊಸದಾಗಿ ನಾಟಿ ಮಾಡಿದ, ಬಿಸಿಲು ಬೀಳುವ ಗದ್ದೆಯಲ್ಲಿ ಹುಲುಸಾಗಿ ಬೆಳೆದು, ಪೈರು ಸುಮಾರು ಒಂದು ಅಡಿ ಎತ್ತರವಾದ ಮೇಲೆ ಅಲ್ಲಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆಂದು ಅವರು ತೋರಿಸಿದರು. ಗದ್ದೆಗೆ ಸತತವಾಗಿ ನೀರು ನಿಲ್ಲಿಸದೆ, ವಾರದಲ್ಲಿ ಕೆಲವು ದಿನ ಒಣಗಲು ಬಿಟ್ಟು ಮರಿಹುಳುಗಳನ್ನು ಕೊಲ್ಲುವ ಕ್ರಮವನ್ನೂ ೧೯೪೨ರ ಹೊತ್ತಿಗೆ ಪ್ರಯೋಗಿಸಿ ವರದಿ ಮಾಡಿದರು. ಸೇವಂತಿಗೆಯ ಬಂಧುವಾದ ಪೈರೆತ್ರಮ್ ಹೂವಿನ ಸಾರವನ್ನು ಮನೆಗಳೊಳಗೆ ಸಿಂಪಡಿಸುವ ಪ್ರಯೋಗವನ್ನೂ ಇವರೇ ನಡೆಸಿದರು. ಅದು ಸುಗಂಧತೈಲವಲ್ಲ, ಆದರೂ ಸಸ್ಯಜನ್ಯ ವಸ್ತುವೊಂದು ಸೊಳ್ಳೆಯನ್ನು ಓಡಿಸುವುದರಿಂದ ಕೊಲ್ಲುವುದಕ್ಕೆ ಮುಂದುವರಿದ ಮುಖ್ಯ ನಿದರ್ಶನ.

ಆ ಮುನ್ನಡೆ ಅಲ್ಲಿಗೇ ನಿಂತಿತು. ೧೯೪೬ರಲ್ಲಿ ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಕಾರವಾರ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಇವರು ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ವಿಸ್ತಾರವಾಗಿ ಕೈಗೊಂಡರು. ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿದು ಕೊಲ್ಲುವ ಆ ಪುಡಿಯ ಮುಂದೆ ಗಂಟೆಗಳಲ್ಲಿ ಹಾರಿಹೋಗುವ ಸಸ್ಯದ್ರವ್ಯಗಳು ನಿಲ್ಲಲಿಲ್ಲ. ಕನ್ನಡ ಜಿಲ್ಲೆಗಳಲ್ಲಿ ದೊರೆತ ಈ ಅನುಭವವು ೧೯೫೩ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಆಧಾರಗಳಲ್ಲೊಂದಾಯಿತು.

ಆ ೧೯೫೩ನೆಯ ವರ್ಷ ಎಡೆದೊರೆ ನಾಡಿನ ಮಟ್ಟಿಗೆ ಮತ್ತೊಂದು ಕಾರಣದಿಂದ ಸ್ಮರಣೀಯ. ೧೯೪೫ರ ಫೆಬ್ರುವರಿ ೨೮ರಂದು ಅಸ್ತಿಭಾರ ಹಾಕಿದ್ದ ತುಂಗಭದ್ರಾ ಜಲಾಶಯದಿಂದ ೧೯೫೩ರ ಜುಲೈನಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಎಡದಂಡೆ ಕಾಲುವೆ ಹಂತಹಂತವಾಗಿ ಮುಂದುವರಿದು ಸಿಂಧನೂರಿನ ಎರೆಯ ಬಯಲನ್ನು ಸೇರಿತು. ಬರಗಾಲದಿಂದ ರಕ್ಷಿಸುವುದಕ್ಕಾಗಿ ನೀರನ್ನು ತೆಳುವಾಗಿ ಹಂಚಿ, ಬಹುಭಾಗದಲ್ಲಿ ಜೋಳ ಹತ್ತಿಗಳಂಥ ಮಿತನೀರಿನ ಬೆಳೆ ಬೆಳೆಯಬೇಕೆಂಬುದು ಯೋಜನೆಯ ಸಂಕಲ್ಪ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರೂ ಅವರನ್ನು ಅನುಸರಿಸಿದ ಸ್ಥಳೀಯರೂ ಕಾಲುವೆಯ ಮೇಲ್ಭಾಗದಲ್ಲಿ ಭತ್ತವನ್ನೇ ವಿಸ್ತರಿಸಿದರು. ಜೋಳದ ಹೊಲ ನೀರು ನಿಂತ ಗದ್ದೆಯಾಯಿತು. ಹೀಗೆ ಈ ನಾಡಿಗೆ ಸೊಳ್ಳೆಯ ನೀರೂ ಸೊಳ್ಳೆಯ ವಿಷವೂ ಒಂದೇ ವರ್ಷದಲ್ಲಿ ದಾರಿ ಹಿಡಿದವು. ಹೊಸ ನೀರಿಗೆ ತಕ್ಕ ಹೊಸ ಬೇಸಾಯಶಿಸ್ತನ್ನು ರೂಪಿಸಬೇಕೆಂಬ ಚಿಂತೆ ಹಿಂದೆ ಸರಿಯಿತು. ಡಿ.ಡಿ.ಟಿ. ಇರುವಾಗ ಗದ್ದೆಯನ್ನು ಒಣಗಿಸುವ ಗೋಜು ಯಾರಿಗೆ ಬೇಕಿತ್ತು?

ಆ ಭರವಸೆ ಬಹುಕಾಲ ನಿಲ್ಲಲಿಲ್ಲ. ೧೯೫೩ಕ್ಕೆ ಮುಂಚೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜು ಮಾಡಿದ್ದ ಮಲೇರಿಯಾ ಪ್ರಕರಣಗಳು ೧೯೬೫ರ ವೇಳೆಗೆ ಒಂದು ಲಕ್ಷದಷ್ಟಕ್ಕೆ ಇಳಿದುದು ನಿಜವಾಗಿಯೂ ಮಹತ್ಸಾಧನೆ. ಆದರೆ ಕ್ಯುಲಿಸಿಫೇಸಿಸ್ ಸೊಳ್ಳೆ ಡಿ.ಡಿ.ಟಿ.ಯನ್ನು ತಡೆದುಕೊಳ್ಳುತ್ತಿರುವ ಸೂಚನೆ ಪಶ್ಚಿಮ ಭಾರತದಲ್ಲಿ ೧೯೫೮-೫೯ರಲ್ಲಿಯೇ ಕಂಡಿತ್ತು. ೧೯೭೬ರಲ್ಲಿ ಪ್ರಕರಣಗಳ ಸಂಖ್ಯೆ ಮತ್ತೆ ಅರುವತ್ತನಾಲ್ಕು ಲಕ್ಷವನ್ನು ಮುಟ್ಟಿತು.

೫

ಈ ಹಿನ್ನಡೆಯ ಬಳಿಕ ಸಂಶೋಧಕರ ದೃಷ್ಟಿ ಪುನಃ ಸಸ್ಯಗಳ ಕಡೆಗೆ ಹೊರಳಿತು. ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ೧೯೬೮ರಲ್ಲಿ ಇಂಗ್ಲೆಂಡಿನಲ್ಲಿ ಬೇರ್ಪಡಿಸಲಾಗಿತ್ತು. ಕೀಟದ ಮರಿ ಪೊರೆ ಕಳಚಿ ಬೆಳೆಯುವುದಕ್ಕೆ ಅದು ತಡೆಯೊಡ್ಡುತ್ತದೆ. ದೆಹಲಿಯ ಮಲೇರಿಯಾ ಸಂಶೋಧನ ಕೇಂದ್ರದ ವಿ. ಪಿ. ಶರ್ಮ ಮತ್ತು ಸಂಗಡಿಗರು, ತೆಂಗಿನೆಣ್ಣೆಗೆ ಶೇಕಡಾ ೨ರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿಕೊಂಡರೆ ಅನಾಫಿಲಿಸ್ ಸೊಳ್ಳೆಗಳಿಂದ ೧೨ ತಾಸು ರಕ್ಷಣೆ ದೊರೆಯುವುದೆಂದು ೧೯೯೩ರಲ್ಲಿ ಪ್ರಕಟಿಸಿದರು. ನಿಂಬೆಗಂಧದ ನೀಲಗಿರಿ ಮರದ ಎಲೆಯಿಂದ ಪಡೆಯುವ ಪ್ಯಾರಾ-ಮೆಂಥೇನ್ ಡಯಾಲ್ ಎಂಬ ವಿಕರ್ಷಕವನ್ನು ೨೦೦೫ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ತನ್ನ ಶಿಫಾರಸಿನ ಪಟ್ಟಿಗೆ ಸೇರಿಸಿತು. ಆದರೆ ೨೦೦೨ರಲ್ಲಿ ಫ್ರಾಡಿನ್ ಮತ್ತು ಡೇ ಎಂಬವರು ಪ್ರಕಟಿಸಿದ ತುಲನೆಯಲ್ಲಿ, ಶೇಕಡಾ ೨೩.೮ರ ಡೀಟ್ ಲೇಪ ಸರಾಸರಿ ೫ ತಾಸು ಕಾದರೆ, ಸಿಟ್ರೊನೆಲ್ಲಾ ಲೇಪಗಳು ೨೦ ನಿಮಿಷವೂ ಕಾಯಲಿಲ್ಲ.

ಹನ್ನೆರಡು ತಾಸೆಲ್ಲಿ, ಇಪ್ಪತ್ತು ನಿಮಿಷವೆಲ್ಲಿ? ಇವೆರಡು ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ಒಂದು ಸ್ಥಿರತೈಲ, ಇನ್ನೊಂದು ಆವಿಯಾಗುವ ತೈಲ. ಒಂದು ಪರೀಕ್ಷೆಯ ಸೊಳ್ಳೆ ರಾತ್ರಿ ಕಚ್ಚುವ ಅನಾಫಿಲಿಸ್, ಇನ್ನೊಂದರದು ಹಗಲಿನಲ್ಲಿ ಕಚ್ಚುವ, ಡೆಂಗಿಗೆ ಕಾರಣವಾಗುವ ಈಡಿಸ್. ಯಾವ ಎಣ್ಣೆ, ಯಾವ ಸೊಳ್ಳೆ, ಯಾವ ಹೊತ್ತು ಎಂಬ ಮೂರನ್ನೂ ಹೇಳದೆ ‘ಸಸ್ಯತೈಲ ಒಳ್ಳೆಯದು’ ಎನ್ನುವ ಮಾತಿಗೆ ಅರ್ಥವಿಲ್ಲ.

ಮರಿನಾಶಕದ ವಿಷಯದಲ್ಲಿ ಇನ್ನಷ್ಟು ಎಚ್ಚರ ಅವಶ್ಯ. ಅನೇಕ ಸುಗಂಧತೈಲಗಳು ಪ್ರಯೋಗಶಾಲೆಯ ಬಟ್ಟಲಿನಲ್ಲಿ ದಶಲಕ್ಷ ಭಾಗ ನೀರಿಗೆ ಹತ್ತಾರು ಭಾಗದ ಪ್ರಮಾಣದಲ್ಲಿ ಮರಿಹುಳುಗಳನ್ನು ಕೊಲ್ಲುತ್ತವೆ. ಈ ಪ್ರಮಾಣವನ್ನು ೫೦ ಭಾಗವೆಂದಿಟ್ಟುಕೊಂಡು ಸಿಂಧನೂರಿನ ಗದ್ದೆಗೆ ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ವಿಸ್ತೀರ್ಣ ೪,೦೪೭ ಚದರ ಮೀಟರು. ಅದರಲ್ಲಿ ೫ ಸೆಂಟಿಮೀಟರು ನೀರು ನಿಂತರೆ ಸುಮಾರು ೨ ಲಕ್ಷ ಲೀಟರು. ಅದಕ್ಕೆ ಬೇಕಾಗುವ ತೈಲ ೧೦ ಲೀಟರು. ತೈಲ ಬೇಗನೆ ಆವಿಯಾಗುವುದರಿಂದಲೂ, ಮರಿಹುಳು ಒಂದು ವಾರದ ಆಸುಪಾಸಿನಲ್ಲಿ ಸೊಳ್ಳೆಯಾಗುವುದರಿಂದಲೂ ವಾರಕ್ಕೊಮ್ಮೆ ಹಾಕಬೇಕು. ಪೈರು ಒಂದು ಅಡಿ ಬೆಳೆಯುವ ತನಕದ ಐದು ವಾರಗಳಿಗೆ ೫೦ ಲೀಟರು. ಚೆನ್ನಾಗಿ ಸಾಗುವಳಿ ಮಾಡಿದ ಒಂದು ಎಕರೆ ಮಜ್ಜಿಗೆಹುಲ್ಲು ವರ್ಷಕ್ಕೆ ಕೊಡುವ ಎಣ್ಣೆ ೪೦ರಿಂದ ೮೦ ಕಿಲೊಗ್ರಾಂ. ಎಂದರೆ, ಒಂದು ಎಕರೆ ಭತ್ತದ ನೀರನ್ನು ಒಂದು ಹಂಗಾಮಿನಲ್ಲಿ ಕಾಯಲು ಹೆಚ್ಚುಕಡಿಮೆ ಒಂದು ಎಕರೆ ಹುಲ್ಲನ್ನೇ ಮೀಸಲಿಡಬೇಕಾಗುತ್ತದೆ! ಆ ಎಣ್ಣೆ ನೀರಿನಲ್ಲಿರುವ ಮೀನು ಮತ್ತು ಇತರ ಜೀವಿಗಳಿಗೂ ಬಾಧಕವಾಗಬಹುದು. ಬಟ್ಟಲಿನಲ್ಲಿ ಸಿದ್ಧವಾದ ಸತ್ಯ ಬಯಲಿಗೆ ಬಂದಾಗ ಹೀಗೆ ಕುಗ್ಗುತ್ತದೆ.

೬

ಲಿಂಗಸುಗೂರು ಮತ್ತು ಮಸ್ಕಿಯ ಪರಿಸ್ಥಿತಿ ತುಸು ಭಿನ್ನ. ನಾರಾಯಣಪುರ ಬಲದಂಡೆ ಕಾಲುವೆಯಿಂದ ಲಿಂಗಸುಗೂರಿನ ಕೆಲವು ಭಾಗ ನೀರಾವರಿಗೆ ಒಳಪಟ್ಟಿದ್ದರೂ ಒಣಭೂಮಿ ಇನ್ನೂ ಧಾರಾಳವಾಗಿದೆ. ನೀರಿಲ್ಲದ ಊರಿನಲ್ಲಿ ಜನ ನೀರನ್ನು ಕೂಡಿಡುತ್ತಾರೆ. ಹರವಿ, ಡ್ರಮ್ಮು, ಸಿಮೆಂಟಿನ ತೊಟ್ಟಿಗಳಲ್ಲಿ ವಾರಗಟ್ಟಲೆ ನಿಂತ ನೀರು ಈಡಿಸ್ ಸೊಳ್ಳೆಯ ತವರು. ಸಿಂಧನೂರಿನ ಕಾಟ ನೀರಿನ ಸಮೃದ್ಧಿಯದು, ಇಲ್ಲಿನದು ನೀರಿನ ಅಭಾವದ್ದು. ೨೦೦ ಲೀಟರಿನ ಡ್ರಮ್ಮಿಗೆ ಮೇಲಿನ ಲೆಕ್ಕದಲ್ಲಿ ೧೦ ಮಿಲಿಲೀಟರು ತೈಲ ಸಾಕು. ಆದರೆ ಆ ನೀರನ್ನು ಅಡುಗೆಗಾಗಲಿ ಕುಡಿಯುವುದಕ್ಕಾಗಲಿ ಬಳಸುವಂತಿಲ್ಲ. ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿ, ಉಜ್ಜಿ ತೊಳೆದು, ಮುಚ್ಚಳ ಹಾಕುವುದೇ ಇಲ್ಲಿ ಮೇಲು. ೧೮೮೩ರಲ್ಲಿ ಬೆಂಗಳೂರಿನ ಬಂಗಲೆಯಲ್ಲಿ ನಡೆದುದೂ ಇದೇ.

ಹಾಗಾದರೆ ಸಸ್ಯತೈಲಕ್ಕೆ ಸ್ಥಾನವೆಲ್ಲಿ? ಸೊಳ್ಳೆಪರದೆ ಮಲಗಿದವನನ್ನು ಕಾಯುತ್ತದೆ. ಗೋಡೆಯ ಸಿಂಪಡಣೆ ಮನೆಯೊಳಗಿರುವವನನ್ನು ಕಾಯುತ್ತದೆ. ಮುಸ್ಸಂಜೆಯಾದರೂ ಗದ್ದೆ ಬಿಡದ ನಾಟಿಯ ಹೆಂಗಸರು, ರಾತ್ರಿ ಕಾಲುವೆಯ ಮೇಲೆ ನೀರು ಕಾಯುವ ರೈತ, ಸುಗ್ಗಿಗೆ ಬಂದು ಗುಡಾರದಲ್ಲಿ ಬೀಡುಬಿಟ್ಟ ಕೂಲಿಕಾರರು, ಇವರಿಗೆ ಗೋಡೆಯೂ ಇಲ್ಲ, ಪರದೆಗೆ ಹೊತ್ತೂ ಆಗಿಲ್ಲ. ಎಚ್ಚರವಿದ್ದು ಬಯಲಿನಲ್ಲಿ ಕಳೆಯುವ ಆ ಮೂರು ನಾಲ್ಕು ತಾಸುಗಳು ಎಲ್ಲ ಕಾರ್ಯಕ್ರಮಗಳಿಂದಲೂ ಹೊರಗುಳಿದ ತಾಸುಗಳು. ಬೇವಿನ ಮರ ಈ ನಾಡಿನಲ್ಲಿ ಎಲ್ಲೆಡೆ ಉಂಟು. ಹದವರಿತು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ಬೇವಿನೆಣ್ಣೆಗೂ, ಪರೀಕ್ಷಿತವಾದ ಸಸ್ಯಜನ್ಯ ಲೇಪಗಳಿಗೂ ನ್ಯಾಯವಾದ ಸ್ಥಾನ ಅಲ್ಲಿದೆ. ಸುಗಂಧತೈಲವನ್ನು ಬೆರಕೆಯಿಲ್ಲದೆ ನೇರವಾಗಿ ಹಚ್ಚಿದರೆ ಚರ್ಮ ಉರಿಯುವುದುಂಟು. ಎಳೆಯ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಹಚ್ಚಕೂಡದು.

ಗದ್ದೆಯ ನೀರಿನ ಪ್ರಶ್ನೆಗೆ ಉತ್ತರ ಸೀಸೆಯಲ್ಲಿಲ್ಲ. ಅದು ಕಾಲುವೆಯ ತೂಬಿನಲ್ಲಿದೆ. ಸರದಿಯಂತೆ ನೀರು ಬಿಟ್ಟು ಗದ್ದೆಯನ್ನು ಆಗಾಗ ಒಣಗಿಸುವ ಕ್ರಮ ೧೯೪೨ರಲ್ಲಿಯೇ ವರದಿಯಾಗಿತ್ತು. ೧೯೫೩ರಲ್ಲಿ ಕಾಲುವೆಯೊಡನೆ ಬರಬೇಕಾಗಿದ್ದ ಆ ಶಿಸ್ತು 'ಇನ್ನು ಬೇಡ'ವೆನ್ನಿಸಿಕೊಂಡು ಹಿಂದುಳಿಯಿತು. ಇಂದು ಮಲೇರಿಯಾ ಬಹುಮಟ್ಟಿಗೆ ಇಳಿದಿದ್ದರೂ ಭತ್ತದ ಗದ್ದೆಯ ಕ್ಯೂಲೆಕ್ಸ್ ಸೊಳ್ಳೆಗಳು ಹರಡುವ ಮಿದುಳುಜ್ವರದ ಭೀತಿ ಉಳಿದೇ ಇದೆ. ಕಾಲುವೆಯ ತುದಿಯ ರೈತನಿಗೆ ನೀರು ಸಾಲದೆಂಬ ದೂರೂ ಹಾಗೆಯೇ ಇದೆ. ಮೇಲ್ಭಾಗದ ಗದ್ದೆ ವಾರಕ್ಕೆ ಎರಡು ದಿನ ಒಣಗಿದರೆ ಸೊಳ್ಳೆಯ ಮರಿ ಸಾಯುತ್ತದೆ, ಉಳಿದ ನೀರು ಕೆಳಗಿನವನಿಗೆ ಸಲ್ಲುತ್ತದೆ. ಆರೋಗ್ಯದ ಪ್ರಶ್ನೆಯೂ ನೀರಿನ ನ್ಯಾಯದ ಪ್ರಶ್ನೆಯೂ ಇಲ್ಲಿ ಒಂದೇ ಆಗುತ್ತವೆ.

ಕೊಟ್ಟಿಗೆಯ ಹೊಗೆ ಹಾಕಿದ ಹಿರಿಯರು ಅದರ ಮಿತಿಯನ್ನು ಬಲ್ಲವರಾಗಿದ್ದರು. ಪ್ರತಿ ಸಂಜೆಯೂ ಅದನ್ನು ಹೊಸದಾಗಿ ಹಾಕುತ್ತಿದ್ದರು. ಸಸ್ಯತೈಲಗಳನ್ನು ಕುರಿತು ಮುಂದೆ ಸಂಶೋಧನೆ ಕೈಗೊಳ್ಳುವವರು ಬಟ್ಟಲಿನ ಲೆಕ್ಕದೊಡನೆ ಎಕರೆಯ ಲೆಕ್ಕವನ್ನೂ, ತೈಲದ ಗುಣದೊಡನೆ ಅದನ್ನು ಹಚ್ಚಿಕೊಳ್ಳುವವರ ದುಡಿಮೆಯ ಹೊತ್ತನ್ನೂ ಗಣಿಸುವರೆಂದು ಆಶಿಸುತ್ತೇವೆ.